ಮೂರನೇ ದಾಳಿಯ ತಪ್ಪು ಯಾರ ಲೆಕ್ಕಕ್ಕೆ?

ಒಂದು ಶನಿವಾರ ರಾತ್ರಿ ಪಡೀಲಿನಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ನೋಡಲು ನಾವು ಮೂವರು ಹೋಗಿದ್ದೆವು. ಮ್ಯಾಟ್ ಹಾಸಿದ ಅಂಕಣ, ನಾಲ್ಕು ಮೂಲೆಗೆ ದೀಪದ ಕಂಬ, ಮೈಕಿನಲ್ಲಿ ತುಳು-ಕನ್ನಡ ಬೆರೆಸಿ ಮಾತಾಡುವ ಉದ್ಘೋಷಕರು. ಸ್ಕೋರ್ ಬರೆಯುವವರ ಮೇಜಿನ ಹಿಂದೆಯೇ ನಮಗೆ ಜಾಗ ಸಿಕ್ಕಿತ್ತು. ಹಾಗಾಗಿ ಆಟವೂ ಕಾಣುತ್ತಿತ್ತು, ಆಟ ಕಾಗದಕ್ಕೆ ಇಳಿಯುವುದೂ ಕಾಣುತ್ತಿತ್ತು.

ರಾತ್ರಿ ಹನ್ನೆರಡು ದಾಟಿದ ಮೇಲೆ ನಡೆದ ಒಂದು ಪಂದ್ಯದ ಕಡೆಯ ಮೂರು ನಿಮಿಷದ ಬಗ್ಗೆ ಇಲ್ಲಿ ಹೇಳಬೇಕು. ಒಂದು ತಂಡ 24-22ರಿಂದ ಮುಂದಿತ್ತು. ಆದರೆ ಅದರ ಪಾಳಯದಲ್ಲಿ ಉಳಿದಿದ್ದವರು ಇಬ್ಬರೇ, ನಾಯಕ ಮತ್ತು ಒಬ್ಬ ಹುಡುಗ. ಎದುರು ಆರು ಮಂದಿ ಹಿಡಿತಗಾರರು. ಹೊರಗೆ ನಿಂತ ಕೋಚ್ ಕೈ ಬೀಸಿ ಕೂಗಿದರು: "ಖಾಲಿ ಬಾ, ಖಾಲಿ ಬಾ, ಟೈಮ್ ತೆಗಿ!"

ನಾಯಕ ಹೋದ, ಬಾಕ್ ಗೆರೆ ದಾಟಿ ಮೂವತ್ತು ಸೆಕೆಂಡ್ ಕಳೆದು ವಾಪಸು ಬಂದ. ಎದುರಾಳಿಯೂ ಅವಸರ ಮಾಡದೆ ಖಾಲಿ ಹೋದ. ನಾಯಕ ಮತ್ತೊಮ್ಮೆ ಹೋಗಿ ಮತ್ತೊಮ್ಮೆ ಖಾಲಿ ಬಂದ. ಈಗ ಮೂರನೇ ದಾಳಿ. ಅಂಕ ತರಲೇಬೇಕು, ಇಲ್ಲವಾದರೆ ದಾಳಿಗಾರ ಔಟ್. ಕೋಚ್ ಬೆರಳು ತೋರಿಸಿದ್ದು ಹುಡುಗನ ಕಡೆಗೆ.

ಹುಡುಗ ಒಳಗೆ ಹೋದ. ಆರು ಮಂದಿ ಹಿಂದೆ ಸರಿದು ಬೋನಸ್ ಗೆರೆಯ ಬಳಿ ಕಾದು ನಿಂತರು. ಅವನು ಬಂದೇ ಬರುತ್ತಾನೆ ಎಂದು ಅವರಿಗೆ ಗೊತ್ತಿತ್ತು. ಇಪ್ಪತ್ತೈದನೇ ಸೆಕೆಂಡಿಗೆ ಅವನು ಕಾಲು ಚಾಚಿದ. ಎಡ ಮೂಲೆಯವನು ಪಾದದ ಗಂಟು ಹಿಡಿದ, ಉಳಿದವರು ಮೇಲೆ ಬಿದ್ದರು. 24-23. ಮುಂದಿನ ದಾಳಿಯಲ್ಲಿ ಉಳಿದಿದ್ದ ನಾಯಕನೂ ಔಟ್. ಮುಟ್ಟಿದ್ದಕ್ಕೆ ಒಂದು ಅಂಕ, ಇಡೀ ತಂಡ ಖಾಲಿಯಾದುದಕ್ಕೆ ಲೋನಾದ ಎರಡು ಅಂಕ. 24-26. ಉಳಿದ ಕೆಲವು ಸೆಕೆಂಡುಗಳಲ್ಲಿ ಏನೂ ಆಗಲಿಲ್ಲ.

"ಎಂತ ಮಾರಾಯ, ಒಂದು ಬೋನಸ್ ತೆಗೀಲಿಕ್ಕೆ ಆಗ್ಲಿಲ್ವಾ ನಿಂಗೆ?" ಎಂದು ಕೋಚ್ ಹುಡುಗನಿಗೆ ಬೈದರು. ಸ್ಕೋರ್ ಹಾಳೆಯಲ್ಲಿ ಹುಡುಗನ ಹೆಸರಿನ ಮುಂದೆ ವಿಫಲ ದಾಳಿಯ ಗುರುತು ಬಿತ್ತು. "ಖಾಲಿ ಬಾ" ಎಂದ ಕೂಗಿಗೆ ಆ ಹಾಳೆಯಲ್ಲಿ ಕಾಲಂ ಇರಲಿಲ್ಲ.

ವಾಪಸು ಬರುವಾಗ ನಾವು ಮಂಗಳೂರು ಜಂಕ್ಷನ್ ಸ್ಟೇಷನ್ನಿನ ಹತ್ತಿರ ಚಹಾಕ್ಕೆ ನಿಂತೆವು. ಪಡೀಲು ರೈಲು ಹಳಿಗಳು ಕವಲೊಡೆಯುವ ಜಾಗ. ಒಂದು ದಾರಿ ಮಂಗಳೂರು ಸೆಂಟ್ರಲಿಗೆ, ಒಂದು ಸುಬ್ರಹ್ಮಣ್ಯ ರೋಡ್ ಮೂಲಕ ಹಾಸನದ ಕಡೆಗೆ, ಇನ್ನೊಂದು ಕೊಂಕಣದ ಕಡೆಗೆ. ರೈಲು ಓಡಿಸುವವರ ಕೈಯಲ್ಲಿ ವೇಗ ಇದೆ, ಬ್ರೇಕ್ ಇದೆ, ಆದರೆ ಯಾವ ಹಳಿಗೆ ಹೋಗಬೇಕು ಎನ್ನುವುದು ಅವರ ಕೈಯಲ್ಲಿಲ್ಲ. ಅದನ್ನು ನಿರ್ಧರಿಸುವವರು ಸ್ಟೇಷನ್ನಿನಲ್ಲಿರುತ್ತಾರೆ. ಕಬಡ್ಡಿಯಲ್ಲೂ ಹೀಗೇ ಆಗಿದೆಯೇ, ಆಗಿದ್ದರೆ ಯಾವಾಗಿನಿಂದ ಎಂಬ ಮಾತು ಅಲ್ಲಿ ಶುರುವಾಯಿತು. ಅದರ ಹಿಂದೆ ಹೋದಾಗ ಸಿಕ್ಕಿದ ಚರಿತ್ರೆ ಇದು.

ಉಸಿರೇ ಗಡಿಯಾರವಾಗಿದ್ದ ಕಾಲ

ಹಳೆಯ ಕಬಡ್ಡಿಯಲ್ಲಿ ದಾಳಿಗಾರನಿಗೆ ಯಜಮಾನ ಒಬ್ಬನೇ, ಅವನ ಉಸಿರು. "ಕಬಡ್ಡಿ ಕಬಡ್ಡಿ" ಎನ್ನುವ ಉಸಿರು ಇರುವಷ್ಟು ಹೊತ್ತು ಅವನು ಎದುರಾಳಿಯ ನೆಲದಲ್ಲಿರಬಹುದು. ಯಾವಾಗ ನುಗ್ಗಬೇಕು, ಯಾವಾಗ ತಿರುಗಬೇಕು, ಯಾರನ್ನು ಕೆಣಕಬೇಕು ಎಲ್ಲವೂ ಅವನದೇ ತೀರ್ಮಾನ. ಉಸಿರು ಕಡಿದರೆ ತಪ್ಪೂ ಅವನದೇ. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ನಿರ್ಧರಿಸಿದವನೂ ತಪ್ಪಿದವನೂ ಒಬ್ಬನೇ.

ತಪ್ಪಿಗೆ ತೆರುವ ಬೆಲೆ ಮಾತ್ರ ಊರಿಂದೂರಿಗೆ ಬೇರೆ ಬೇರೆ ಇತ್ತು. ಕಬಡ್ಡಿಯ ಚರಿತ್ರೆ ಬರೆದವರು ಮುಖ್ಯವಾಗಿ ಮೂರು ಪದ್ಧತಿಗಳನ್ನು ಹೇಳುತ್ತಾರೆ. 'ಸಂಜೀವಿನಿ'ಯಲ್ಲಿ ಔಟಾದವನು ತನ್ನ ತಂಡ ಅಂಕ ಗಳಿಸಿದಾಗ ಮತ್ತೆ ಜೀವ ಪಡೆದು ಬರುತ್ತಾನೆ. 'ಗಾಮಿನಿ'ಯಲ್ಲಿ ಔಟಾದವನು ಹೊರಗೇ ಉಳಿಯುತ್ತಾನೆ, ಎದುರಾಳಿಯ ಎಲ್ಲರೂ ಔಟಾಗುವವರೆಗೆ ಆಟ. 'ಅಮರ್'ನಲ್ಲಿ ಯಾರೂ ಹೊರಗೆ ಹೋಗುವುದೇ ಇಲ್ಲ, ಅಂಕ ಮಾತ್ರ ಲೆಕ್ಕಕ್ಕೆ.

ಈ ಮೂರನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಗೊತ್ತಾಗುತ್ತದೆ. ಅಮರ್ ಆಟದಲ್ಲಿ ತಪ್ಪಿದರೆ ಹೋಗುವುದು ಒಂದು ಅಂಕ, ಆದ್ದರಿಂದ ದಾಳಿಗಾರ ಧೈರ್ಯವಾಗಿ ನುಗ್ಗಬಹುದು. ಗಾಮಿನಿಯಲ್ಲಿ ತಪ್ಪಿದರೆ ಪಂದ್ಯದ ಬಹುಪಾಲು ಹೊರಗೆ ಕುಳಿತುಕೊಳ್ಳಬೇಕು, ಆದ್ದರಿಂದ ಅವನು ಹೆದರಿ ಹೆದರಿ ಆಡುತ್ತಾನೆ. ಅದೇ ಆಟಗಾರ, ಅದೇ ಕಾಲು, ಅದೇ ಉಸಿರು. ನಿಯಮ ಬದಲಾದರೆ ಅವನು ಮಾಡುವ ತಪ್ಪಿನ ಬಗೆಯೇ ಬದಲಾಗುತ್ತದೆ.

20ನೇ ಶತಮಾನದಲ್ಲಿ ಆಟಕ್ಕೆ ಒಂದೇ ಅಳತೆ, ಒಂದೇ ಪುಸ್ತಕ ಬಂತು. 1936ರ ಬರ್ಲಿನ್ ಒಲಿಂಪಿಕ್ಸ್ ಸಮಯದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯವರು ಕಬಡ್ಡಿಯನ್ನು ಅಲ್ಲಿ ಪ್ರದರ್ಶಿಸಿದರು. 1938ರಲ್ಲಿ ಕಲ್ಕತ್ತದ ಭಾರತೀಯ ಒಲಿಂಪಿಕ್ ಕ್ರೀಡಾಕೂಟದಲ್ಲಿ ಆಟ ಸೇರಿತು. 1950ರಲ್ಲಿ ಅಖಿಲ ಭಾರತ ಕಬಡ್ಡಿ ಫೆಡರೇಶನ್ ಹುಟ್ಟಿತು. 1990ರಲ್ಲಿ ಬೀಜಿಂಗ್ ಏಷ್ಯನ್ ಗೇಮ್ಸ್‌ನಲ್ಲಿ ಪದಕದ ಆಟವಾಯಿತು. ಈಗ ಎಲ್ಲೆಡೆ ಆಡುವುದು ಸಂಜೀವಿನಿಯ ಹಾದಿಯ ಆಟ. ಏಳು ಮಂದಿ, 13 ಮೀಟರ್ ಉದ್ದ 10 ಮೀಟರ್ ಅಗಲದ ಅಂಕಣ, ಮಧ್ಯಗೆರೆಯಿಂದ 3.75 ಮೀಟರಿಗೆ ಬಾಕ್ ಗೆರೆ, ಅಲ್ಲಿಂದ ಒಂದು ಮೀಟರ್ ಆಚೆ ಬೋನಸ್ ಗೆರೆ, ಎರಡು ಬದಿಗೂ ಒಂದೊಂದು ಮೀಟರಿನ ಲಾಬಿ.

ಗಡಿಯಾರ ಬಂತು, ಮೂರನೇ ದಾಳಿ ಬಂತು

2014ರ ಜುಲೈ 26ರಂದು ಪ್ರೊ ಕಬಡ್ಡಿ ಲೀಗ್ ಶುರುವಾಯಿತು. ಟಿವಿಯಲ್ಲಿ ಆಟ ನೋಡುವವರಿಗೆ ಬೇಸರ ಬರಬಾರದು. ದಾಳಿಗಾರ ಬಂದು ಹೋಗಿ, ಬಂದು ಹೋಗಿ ಏನೂ ಆಗದಿದ್ದರೆ ಚಾನೆಲ್ ಬದಲಾಯಿಸುತ್ತಾರೆ. ಮೂವತ್ತು ಸೆಕೆಂಡಿನ ಗಡಿಯಾರ ಮತ್ತು 'ಮಾಡು ಇಲ್ಲವೇ ಮಡಿ' ದಾಳಿ ನಮ್ಮ ಮನೆಮನೆಗೆ ಬಂದದ್ದು ಈ ಲೀಗಿನ ಜೊತೆಗೆ. ಒಂದು ತಂಡದ ಸತತ ಎರಡು ದಾಳಿ ಖಾಲಿಯಾದರೆ ಮೂರನೆಯದರಲ್ಲಿ ಅಂಕ ಬರಲೇಬೇಕು. ಈಗ ನಮ್ಮೂರುಗಳ ಪಂದ್ಯಾಟದಲ್ಲೂ ಇದೇ ನಿಯಮ.

ಆಟ ಚುರುಕಾಯಿತು, ಅದು ನಿಜ. ಜೊತೆಗೆ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಯಿತು. ಮೂರು ದಾಳಿಗಳು ಒಂದಕ್ಕೊಂದು ಕೊಂಡಿಯಂತೆ ಸೇರಿಕೊಂಡವು. ಒಬ್ಬನು ಖಾಲಿ ಬಂದರೆ ಅದರ ಸಾಲ ಇನ್ನೊಬ್ಬನ ತಲೆಗೆ. ಈ ಕೊಂಡಿಯನ್ನು ಹೇಗೆ ಬಳಸಬೇಕು, ಯಾರನ್ನು ಮೊದಲು ಕಳುಹಿಸಬೇಕು, ಯಾರನ್ನು ಮೂರನೆಯದಕ್ಕೆ ಉಳಿಸಬೇಕು ಎನ್ನುವುದು ಕೋಚ್ ಮತ್ತು ನಾಯಕರ ಕೆಲಸವಾಯಿತು.

ಮೂರನೇ ದಾಳಿಯಲ್ಲಿ ತಪ್ಪು ಯಾಕೆ ಹೆಚ್ಚಾಗುತ್ತದೆ ಎನ್ನುವುದಕ್ಕೆ ಮೈದಾನದಲ್ಲೇ ಉತ್ತರ ಇದೆ. ಸಾಮಾನ್ಯ ದಾಳಿಯಲ್ಲಿ ಹಿಡಿತಗಾರರಿಗೆ ಅನುಮಾನ ಇರುತ್ತದೆ. ಇವನು ಬೋನಸ್‌ಗೆ ಬರುತ್ತಾನೋ, ಮೂಲೆಯವನನ್ನು ಮುಟ್ಟುತ್ತಾನೋ, ಸುಮ್ಮನೆ ಹೋಗುತ್ತಾನೋ? ಆ ಅನುಮಾನದಲ್ಲಿ ಅವರು ಅರ್ಧ ಹೆಜ್ಜೆ ತಪ್ಪಾಗಿ ಇಡುತ್ತಾರೆ. ದಾಳಿಗಾರ ಬದುಕುವುದು ಆ ಅರ್ಧ ಹೆಜ್ಜೆಯಲ್ಲಿ. ಮೂರನೇ ದಾಳಿಯಲ್ಲಿ ಅನುಮಾನ ಇಲ್ಲ. ಅವನು ಸುಮ್ಮನೆ ಹೋಗುವಂತಿಲ್ಲ. ಹಿಡಿತಗಾರರು ಹಿಂದೆ ಸರಿದು, ಅವನನ್ನು ಒಳಗೆ ಕರೆದುಕೊಂಡು, ಗಡಿಯಾರ ಕರಗಲು ಬಿಟ್ಟು ಕಾಯುತ್ತಾರೆ. ದಾಳಿಗಾರನ ಕಣ್ಣು ಅರ್ಧ ಎದುರಾಳಿಯ ಮೇಲೆ, ಅರ್ಧ ಸಮಯದ ಮೇಲೆ. ಅಷ್ಟರಲ್ಲಿ ಲಾಬಿಯ ಗೆರೆ ಮರೆತುಹೋಗುತ್ತದೆ, ಬೇಡದ ಕಡೆ ಕಾಲು ಚಾಚುತ್ತಾನೆ.

ಎದುರು ಎಷ್ಟು ಜನ ಇದ್ದಾರೆ ಎನ್ನುವುದೂ ಮುಖ್ಯ. ಆರು ಅಥವಾ ಏಳು ಮಂದಿ ಇದ್ದರೆ ಬೋನಸ್ ಅಂಕದ ದಾರಿ ತೆರೆದಿರುತ್ತದೆ. ಒಂದು ಕಾಲು ಬೋನಸ್ ಗೆರೆಯ ಆಚೆ ಇಟ್ಟು, ಹಿಂದಿನ ಕಾಲನ್ನು ನೆಲದಿಂದ ಎತ್ತಿ, ಹಿಂತಿರುಗಿ ಬಂದರೆ ಆಯಿತು. ಐದು ಅಥವಾ ಕಡಿಮೆ ಜನ ಇದ್ದರೆ ಆ ದಾರಿ ಮುಚ್ಚಿತು, ಮುಟ್ಟಲೇಬೇಕು.

ಈಗ ಪಡೀಲಿನ ಆ ಪಂದ್ಯಕ್ಕೆ ಬನ್ನಿ. ಎದುರು ಆರು ಮಂದಿ ಇದ್ದರು, ಬೋನಸ್ ಸಾಧ್ಯ ಇತ್ತು. ಎದುರಾಳಿಗೆ ಅನುಮಾನ ಇದ್ದ ಮೊದಲ ದಾಳಿಯಲ್ಲಿ, ಅನುಭವಿ ನಾಯಕನೇ ಬೋನಸ್‌ಗೆ ಯತ್ನಿಸಬಹುದಿತ್ತು. ಸಿಕ್ಕಿದ್ದರೆ ಮೂರು ಅಂಕದ ಮುನ್ನಡೆ, ಖಾಲಿ ದಾಳಿಯ ಲೆಕ್ಕ ಮತ್ತೆ ಸೊನ್ನೆಯಿಂದ. ಸಿಗದಿದ್ದರೂ ಹಿಂತಿರುಗಲು ಅವಕಾಶ ಇತ್ತು. ಸುಲಭವಾಗಿದ್ದ ಎರಡು ಅವಕಾಶವನ್ನು ಅನುಭವಿ ಖರ್ಚು ಮಾಡಿದ, ಕಷ್ಟದ ಮೂರನೆಯದು ಹುಡುಗನ ಪಾಲಿಗೆ ಬಂತು. ಜೊತೆಗೆ ಸಮಯದ ಲೆಕ್ಕವೂ ತಪ್ಪಿತ್ತು. ಮೂರು ನಿಮಿಷ ಬಾಕಿ ಇರುವಾಗ ಎರಡು ಖಾಲಿ ದಾಳಿ ಶುರುಮಾಡಿದರೆ, ಮೂರನೆಯದು ಬೀಳುವುದು ಪಂದ್ಯ ಮುಗಿಯುವ ಮೊದಲೇ. ಇದನ್ನು ಬೆರಳೆಣಿಸಿ ಹೇಳಬಹುದಿತ್ತು.

ಅಮೆರಿಕದಲ್ಲಿ ಇದೇ ಕತೆ

ಇದೇ ಪ್ರಶ್ನೆಯನ್ನು ನೂರಾರು ಕೋಟಿ ಡಾಲರಿನ ವ್ಯವಹಾರವಾಗಿರುವ ಇನ್ನೊಂದು ಆಟ ಬಹಳ ಕಾಲದಿಂದ ಎದುರಿಸುತ್ತಿದೆ. ಅದು ಅಮೆರಿಕನ್ ಫುಟ್‌ಬಾಲ್. ನಾವು ಕಾಲಿನಲ್ಲಿ ಆಡುವ ಫುಟ್‌ಬಾಲ್ ಅಲ್ಲ ಇದು. ಹೆಲ್ಮೆಟ್ ಹಾಕಿಕೊಂಡು ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುವ, ಎಸೆಯುವ ಆಟ. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರನಿದ್ದಾನೆ. ಸಾಮಾನ್ಯವಾಗಿ ಪ್ರತಿ ಸಲ ಚೆಂಡು ಮೊದಲು ಬರುವುದು ಅವನ ಕೈಗೆ. ಅವನು ಜೊತೆಯವನಿಗೆ ಕೊಡಬಹುದು, ದೂರಕ್ಕೆ ಎಸೆಯಬಹುದು. ಎಸೆದದ್ದು ಎದುರಾಳಿಯ ಕೈ ಸೇರಿದರೆ ಅದು ಅವನ ಹೆಸರಿಗೆ ಬರೆಯುವ ದೊಡ್ಡ ತಪ್ಪು.

ಅಲ್ಲಿ ಒಂದು ತಂಡಕ್ಕೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಯತ್ನ. ಹೆಚ್ಚಿನ ಸಲ ನಾಲ್ಕನೆಯದರಲ್ಲಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುತ್ತಾರೆ, ಹಾಗಾಗಿ ನಿಜವಾದ ಒತ್ತಡ ಮೂರನೆಯದರಲ್ಲಿ. ಮೊದಲ ಎರಡು ಯತ್ನ ವ್ಯರ್ಥವಾಗಿ ಮೂರನೆಯದರಲ್ಲಿ ಇನ್ನೂ ಹತ್ತು ಗಜ ಬಾಕಿ ಇದ್ದರೆ, ಕ್ವಾರ್ಟರ್‌ಬ್ಯಾಕ್ ದೂರ ಎಸೆಯಬೇಕು ಎಂದು ಮೈದಾನದಲ್ಲಿರುವ ಎಲ್ಲರಿಗೂ ಗೊತ್ತು. ಎದುರಾಳಿಗಳು ಹಿಂದೆ ಸರಿದು ಕಾಯುತ್ತಾರೆ. ನಮ್ಮ ಮೂರನೇ ದಾಳಿಯೇ ಬೇರೆ ವೇಷದಲ್ಲಿ ಬಂದಂತೆ.

ಮೊದಲು ಆ ಆಟದಲ್ಲೂ ಯಾವ ಆಟ ಆಡಬೇಕೆಂದು ಕ್ವಾರ್ಟರ್‌ಬ್ಯಾಕ್ ತಾನೇ ಮೈದಾನದಲ್ಲಿ ನಿರ್ಧರಿಸುತ್ತಿದ್ದ. ಹೊರಗಿನಿಂದ ಕೋಚ್ ಹೇಳಿಕೊಡುವುದು ನಿಯಮಕ್ಕೆ ವಿರುದ್ಧವಾಗಿತ್ತು. 1944ರಲ್ಲಿ ಅವರ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಅದಕ್ಕೆ ಅನುಮತಿ ಕೊಟ್ಟಿತು. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ಕೋಚ್ ಪಾಲ್ ಬ್ರೌನ್ ಒಂದು ಉಪಾಯ ಮಾಡಿದರು. ಪ್ರತಿ ಸಲ ಒಬ್ಬ ಆಟಗಾರನನ್ನು ಬದಲಿಸಿ ಒಳಗೆ ಕಳುಹಿಸುವುದು, ಅವನ ಬಾಯಲ್ಲಿ ಸಂದೇಶ ಕಳುಹಿಸುವುದು. 1956ರಲ್ಲಿ ಅವರು ಇನ್ನೂ ಮುಂದೆ ಹೋಗಿ, ಜಾರ್ಜ್ ರ್‍ಯಾಟರ್‌ಮನ್ ಎಂಬ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ಟಿನೊಳಗೆ ರೇಡಿಯೋ ಕೂರಿಸಿದರು. ಲೀಗ್ ಅದೇ ವರ್ಷ ಅದನ್ನು ನಿಷೇಧಿಸಿತು. ಆದರೆ 1994ರಲ್ಲಿ ಅದೇ ಲೀಗ್ ರೇಡಿಯೋಗೆ ಅನುಮತಿ ಕೊಟ್ಟಿತು. ಈಗ ಕೋಚ್‌ನ ದನಿ ನೇರ ಆಟಗಾರನ ಕಿವಿಗೆ ಹೋಗುತ್ತದೆ, ಆಟ ಶುರುವಾಗುವ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಕಡಿದುಹೋಗುತ್ತದೆ.

ಅಂದರೆ ಐವತ್ತು ವರ್ಷದಲ್ಲಿ ನಿರ್ಧಾರ ಮೈದಾನದ ಒಳಗಿಂದ ಹೊರಗೆ ಹೋಯಿತು. ತಪ್ಪಿನ ಲೆಕ್ಕ ಮಾತ್ರ ಒಳಗೇ ಉಳಿಯಿತು.

2015ರ ಫೆಬ್ರವರಿ 1ರಂದು ಇದು ಇಡೀ ಜಗತ್ತಿಗೆ ಕಾಣುವಂತೆ ನಡೆಯಿತು. ಅವರ ಅತಿ ದೊಡ್ಡ ಪಂದ್ಯ ಸೂಪರ್ ಬೌಲ್. ಸಿಯಾಟಲ್ ತಂಡ 24-28ರಿಂದ ಹಿಂದೆ ಇತ್ತು, ಇನ್ನೂ 26 ಸೆಕೆಂಡ್ ಬಾಕಿ, ಗೆಲುವಿನ ಗೆರೆಗೆ ಒಂದೇ ಒಂದು ಗಜ. ಮಾರ್ಶಾನ್ ಲಿಂಚ್ ಎಂಬ ಗಟ್ಟಿ ಆಳು ತಂಡದಲ್ಲಿದ್ದ. ಅವನ ಕೈಗೆ ಚೆಂಡು ಕೊಟ್ಟು ನುಗ್ಗಿಸುತ್ತಾರೆ ಎಂದು ಎಲ್ಲರೂ ಅಂದುಕೊಂಡರು. ಹೊರಗಿನಿಂದ ಬಂದ ಆದೇಶ ಬೇರೆ, ಚೆಂಡು ಎಸೆ. ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್ ಎಸೆದರು. ಎದುರಾಳಿ ಮಾಲ್ಕಮ್ ಬಟ್ಲರ್ ಮುಂದೆ ಹಾರಿ ಹಿಡಿದರು. ಪಂದ್ಯ ಹೋಯಿತು.

ಆ ಆದೇಶಕ್ಕೂ ಕಾರಣ ಇಲ್ಲದಿರಲಿಲ್ಲ. ಎಸೆತ ಯಾರ ಕೈಗೂ ಸಿಗದೆ ನೆಲಕ್ಕೆ ಬಿದ್ದರೆ ಗಡಿಯಾರ ನಿಲ್ಲುತ್ತದೆ, ಇನ್ನೆರಡು ಯತ್ನಕ್ಕೆ ಸಮಯ ಉಳಿಯುತ್ತದೆ. ಆದ್ದರಿಂದ ಅದು ಮೂರ್ಖತನ ಎಂದು ನಾವು ಹೇಳುವುದಿಲ್ಲ. ಆದರೆ ದಾಖಲೆ ಪುಸ್ತಕದಲ್ಲಿ ಆ ತಪ್ಪು ಇರುವುದು ವಿಲ್ಸನ್ ಹೆಸರಿನಲ್ಲಿ. ಪಂದ್ಯ ಮುಗಿದ ಮೇಲೆ ಕೋಚ್ ಪೀಟ್ ಕ್ಯಾರಲ್ ಜವಾಬ್ದಾರಿ ತನ್ನದೆಂದು ಎಲ್ಲರೆದುರು ಒಪ್ಪಿಕೊಂಡರು. ದಾಖಲೆ ಬದಲಾಗಲಿಲ್ಲ, ಆದರೆ ಆಟಗಾರ ಒಂಟಿಯಾಗಲಿಲ್ಲ. ಪಡೀಲಿನಲ್ಲಿ ನಮಗೆ ಕಾಣದೆ ಹೋದದ್ದು ಈ ಒಂದು ಮಾತು.

ಹಾಂಗ್‌ಝೌನ ಆ ದಾಳಿ

ನಮ್ಮ ಕಬಡ್ಡಿಗೂ ಅಂಥದೇ ಒಂದು ದಿನ ಬಂತು, 2023ರ ಅಕ್ಟೋಬರ್ 7. ಚೀನಾದ ಹಾಂಗ್‌ಝೌ ಏಷ್ಯನ್ ಗೇಮ್ಸ್, ಪುರುಷರ ಫೈನಲ್, ಭಾರತ ಮತ್ತು ಇರಾನ್. 2018ರಲ್ಲಿ ಜಕಾರ್ತದ ಸೆಮಿಫೈನಲಿನಲ್ಲಿ ಇದೇ ಇರಾನ್ 27-18ರಿಂದ ಸೋಲಿಸಿತ್ತು. 1990ರಿಂದ ಸತತ ಏಳು ಚಿನ್ನ ಗೆದ್ದಿದ್ದ ಭಾರತದ ಸಾಲು ಅಲ್ಲಿ ತುಂಡಾಗಿತ್ತು. ಹಾಗಾಗಿ ಹಾಂಗ್‌ಝೌನಲ್ಲಿ ಸೋಲುವಂತಿರಲಿಲ್ಲ.

ಸ್ಕೋರ್ 28-28. ಒಂದು ನಿಮಿಷ ಚಿಲ್ಲರೆ ಬಾಕಿ. ಭಾರತಕ್ಕೆ 'ಮಾಡು ಇಲ್ಲವೇ ಮಡಿ' ದಾಳಿ. ಹೋದವರು ನಾಯಕ ಪವನ್ ಸೆಹ್ರಾವತ್, ನಮ್ಮ ಬೆಂಗಳೂರು ಬುಲ್ಸ್‌ಗೆ ಆಡಿ ಹೆಸರು ಮಾಡಿದವರು. ಒಂದೇ ಪಂದ್ಯದಲ್ಲಿ 39 ದಾಳಿ ಅಂಕ ತಂದ ದಾಖಲೆಯನ್ನು 2019ರಲ್ಲಿ ಬುಲ್ಸ್ ಪರವೇ ಬರೆದವರು. ಅಂಥವರೂ ಆ ಮೂರನೇ ದಾಳಿಯಲ್ಲಿ ಯಾರನ್ನೂ ಮುಟ್ಟುವ ಮೊದಲೇ ಲಾಬಿಗೆ ಕಾಲಿಟ್ಟರು.

ಮುಟ್ಟುವವರೆಗೆ ಲಾಬಿ ಆಟದ ಜಾಗವಲ್ಲ. ಕಾಲಿಟ್ಟರೆ ಔಟ್. ಆದರೆ ಅವರನ್ನು ಹಿಡಿಯುವ ಭರದಲ್ಲಿ ಇರಾನಿನ ಹಿಡಿತಗಾರರೂ ಹಿಂದೆಯೇ ಲಾಬಿಗೆ ನುಗ್ಗಿದ್ದರು. ಹಳೆಯ ನಿಯಮದ ಪ್ರಕಾರ ಅವರೂ ಔಟ್. ಪ್ರೊ ಕಬಡ್ಡಿಯ ಹೊಸ ನಿಯಮದ ಪ್ರಕಾರ ದಾಳಿಗಾರ ಮಾತ್ರ ಔಟ್. ಇಲ್ಲಿ ಯಾವುದು ಅನ್ವಯ? ಆಟಗಾರರು ಅಂಕಣದಲ್ಲೇ ಕುಳಿತರು, ತೀರ್ಪು ಅತ್ತಿಂದಿತ್ತ ತೂಗಾಡಿತು, ಆಟ ಬಹಳ ಹೊತ್ತು ನಿಂತಿತು. ಕೊನೆಗೆ ಹಳೆಯ ನಿಯಮದಂತೆ ಭಾರತಕ್ಕೆ ನಾಲ್ಕು, ಇರಾನಿಗೆ ಒಂದು ಅಂಕ. ಭಾರತ 33-29ರಿಂದ ಗೆದ್ದಿತು.

ಯೋಚಿಸಿ ನೋಡಿ. ಅದೇ ಹೆಜ್ಜೆ ಒಂದು ಪುಸ್ತಕದ ಪ್ರಕಾರ ಫೈನಲ್ ಕಳೆಯಬಹುದಾದ ತಪ್ಪು, ಇನ್ನೊಂದು ಪುಸ್ತಕದ ಪ್ರಕಾರ ಚಿನ್ನ ತಂದ ದಾಳಿ. ಕಾಲು ಒಂದೇ. ಮೂರನೇ ದಾಳಿಯ ಒತ್ತಡದಲ್ಲಿ ದೇಶದ ಅತ್ಯುತ್ತಮ ದಾಳಿಗಾರನೇ ಗೆರೆ ಮರೆಯಬಹುದಾದರೆ, ಪಡೀಲಿನ ದೀಪದ ಕೆಳಗೆ ನಿಂತ ಹುಡುಗನ ಬಗ್ಗೆ ಏನು ಹೇಳುವುದು?

ತಪ್ಪು ಕಡಿಮೆ ಮಾಡುವ ಕರೆ

ಕೋಚ್‌ಗಳೇ ಬೇಡ ಎಂದು ನಾವು ಹೇಳುತ್ತಿಲ್ಲ. ಒಳ್ಳೆಯ ಕರೆ ಆಟಗಾರನ ತಪ್ಪನ್ನು ಕಡಿಮೆ ಮಾಡುತ್ತದೆ ಎನ್ನುವುದಕ್ಕೂ ಸಾಕ್ಷಿ ಇದೆ.

2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಪ್ರೊ ಕಬಡ್ಡಿ ಆರನೇ ಆವೃತ್ತಿಯ ಫೈನಲಿನಲ್ಲಿ ಬೆಂಗಳೂರು ಬುಲ್ಸ್ ತಂಡ ಮಧ್ಯಂತರದ ಹೊತ್ತಿಗೆ ಗುಜರಾತ್‌ಗಿಂತ ಹಿಂದಿತ್ತು. ರಣಧೀರ್ ಸಿಂಗ್ ತರಬೇತಿಯ ಆ ತಂಡ ದ್ವಿತೀಯಾರ್ಧದಲ್ಲೂ ಪವನ್ ಮೇಲಿನ ನಂಬಿಕೆ ಬಿಡಲಿಲ್ಲ. ಪವನ್ ಒಬ್ಬರೇ 22 ದಾಳಿ ಅಂಕ ತಂದರು, ಬುಲ್ಸ್ 38-33ರಿಂದ ಗೆದ್ದು ಮೊದಲ ಬಾರಿಗೆ ಕಪ್ ಎತ್ತಿತು. ಒಬ್ಬನ ಮೇಲೆ ಭಾರ ಹಾಕುವುದಾದರೆ ಅವನಿಗೆ ಮೊದಲ ದಾಳಿಯಿಂದಲೇ ಸ್ವಾತಂತ್ರ್ಯವನ್ನೂ ಕೊಡಬೇಕು. ಮೂರನೆಯದಕ್ಕೆ ಮಾತ್ರ ಕರೆದರೆ ಅದು ನಂಬಿಕೆಯಾಗುವುದಿಲ್ಲ.

ಇನ್ನೊಂದು ದಾರಿ ಭಾರ ಹಂಚುವುದು. ಅರ್ಜುನ ಪ್ರಶಸ್ತಿ ಪಡೆದ ನಮ್ಮ ಕರ್ನಾಟಕದ ಬಿ.ಸಿ. ರಮೇಶ್ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರಲ್ಲಿ ಪುಣೇರಿ ಪಲ್ಟನ್‌ಗೆ ಕಪ್ ಗೆಲ್ಲಿಸಿಕೊಟ್ಟ ಕೋಚ್. 2024ರ ಮಾರ್ಚ್ 1ರಂದು ಹೈದರಾಬಾದಿನ ಫೈನಲಿನಲ್ಲಿ ಪುಣೆ 28-25ರಿಂದ ಹರಿಯಾಣವನ್ನು ಸೋಲಿಸಿತು. ಆ ತಂಡದಲ್ಲಿ ಅಸ್ಲಂ ಇನಾಂದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ ಹೀಗೆ ದಾಳಿ ಮಾಡುವವರು ಹಲವರಿದ್ದರು. ಯಾರು ಬಂದರೂ ಅಂಕ ತರಬಲ್ಲರು ಎಂದಾಗ ಎದುರಾಳಿಯ ಅನುಮಾನ ಮೂರನೇ ದಾಳಿಯಲ್ಲೂ ಸ್ವಲ್ಪ ಉಳಿಯುತ್ತದೆ.

ನಮ್ಮೂರಿಗೆ ಇದರಿಂದ ಏನು?

ಕರಾವಳಿಯ ಹಳ್ಳಿಗಳಲ್ಲಿ ಕಬಡ್ಡಿ ಬರೀ ಮನರಂಜನೆಯಲ್ಲ. ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ಇದೇ ಆಟದಿಂದ ರೈಲ್ವೆ ಉದ್ಯೋಗ ಪಡೆದರು, 2012ರಲ್ಲಿ ಪಾಟ್ನಾದ ಮಹಿಳಾ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿಯಾದರು, 2010 ಮತ್ತು 2014ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಪುತ್ತೂರು ಕಡೆಯ ಪ್ರಶಾಂತ್ ಕುಮಾರ್ ರೈ ಪ್ರೊ ಕಬಡ್ಡಿಯಲ್ಲಿ ಆಡಿದರು. ಇವರನ್ನು ನೋಡಿಯೇ ನಮ್ಮ ಹುಡುಗ ಹುಡುಗಿಯರು ಸಂಜೆ ಅಂಕಣಕ್ಕೆ ಇಳಿಯುತ್ತಾರೆ. ಕಾಲೇಜಿನ ಕ್ರೀಡಾ ಸೀಟು, ಪೊಲೀಸ್, ರೈಲ್ವೆ, ಬ್ಯಾಂಕಿನ ಕ್ರೀಡಾ ಕೋಟಾ ಇವೆಲ್ಲ ಅವರ ಕಣ್ಣಿನಲ್ಲಿರುತ್ತವೆ. ಆಯ್ಕೆ ಮಾಡುವವರು ಎಲ್ಲ ಪಂದ್ಯ ನೋಡಿರುವುದಿಲ್ಲ. ಅವರ ಕಿವಿಗೆ ಬೀಳುವುದು ಎಷ್ಟು ದಾಳಿ, ಎಷ್ಟು ಸಫಲ, ಎಷ್ಟು ವಿಫಲ, ಮತ್ತು ಊರಿನ ಬಾಯಿಯಲ್ಲಿ ಉಳಿದ "ಅವನು ಕಡೇ ಗಳಿಗೆಯಲ್ಲಿ ಕೈಕೊಟ್ಟವ" ಎಂಬ ಮಾತು.

ಹಾಗಾಗಿ ಪಂದ್ಯಾಟ ನಡೆಸುವ ಸಂಘದವರಿಗೆ ನಮ್ಮದೊಂದು ವಿನಂತಿ ಇದೆ. ಸ್ಕೋರ್ ಹಾಳೆಯಲ್ಲಿ ಮೂರನೇ ದಾಳಿಗೆ ಬೇರೆ ಗುರುತು ಹಾಕಿ. ಎದುರು ಎಷ್ಟು ಮಂದಿ ಇದ್ದರು ಎಂದು ಪಕ್ಕದಲ್ಲಿ ಒಂದು ಅಂಕಿ ಬರೆಯಿರಿ. ಇದಕ್ಕೆ ಬೇಕಾದದ್ದು ಒಂದು ಪೆನ್ನು, ಎರಡು ಸೆಕೆಂಡ್. ಹತ್ತು ಪಂದ್ಯ ಕಳೆದ ಮೇಲೆ ಆ ಹಾಳೆ ತೆಗೆದು ನೋಡಿದರೆ ಸಾಕು. ಯಾರನ್ನು ಯಾವಾಗಲೂ ಕಷ್ಟದ ದಾಳಿಗೇ ಕಳುಹಿಸಿದ್ದಾರೆ, ಯಾರು ಸುಲಭದ ದಾಳಿಯನ್ನು ಖಾಲಿ ಮಾಡಿ ಬಂದಿದ್ದಾರೆ ಎನ್ನುವುದು ತಾನಾಗಿ ಗೊತ್ತಾಗುತ್ತದೆ. ತಂಡದವರೂ ಪಂದ್ಯದ ಮರುದಿನ ಕೂತು ಸೋತ ದಾಳಿಯ ಬಗ್ಗೆ ಮಾತಾಡುವ ಮೊದಲು ಅದರ ಹಿಂದಿನ ಎರಡು ದಾಳಿಯ ಬಗ್ಗೆ ಮಾತಾಡಲಿ.

ಆ ರಾತ್ರಿ ಚಹಾ ಕುಡಿದು ಹೊರಡುವಾಗ ಹುಡುಗನೂ ಅದೇ ಅಂಗಡಿಗೆ ಬಂದಿದ್ದ. ಪಾದದ ಗಂಟಿಗೆ ಬಟ್ಟೆ ಸುತ್ತಿಕೊಂಡಿದ್ದ. ಒಳ್ಳೆಯ ಆಟ ಆಡಿದೆ ಎಂದೆವು.

"ಇಲ್ಲ ಅಣ್ಣ, ನಂದೇ ತಪ್ಪು. ಬೋನಸ್‌ಗೆ ಹೋಗ್ಬೇಕಿತ್ತು" ಅಂದ.

"ಬೋನಸ್‌ಗೆ ಹೋಗ್ಬೇಕಾದ್ದು ಮೊದಲನೇ ದಾಳಿಯಲ್ಲಿ ಮಾರಾಯ. ಆಗ ನೀನು ಹೋಗಿರ್ಲಿಲ್ಲ" ಎಂದು ನಮ್ಮವನೊಬ್ಬ ಹೇಳಿದ.

ಹುಡುಗ ಬೆರಳು ಮಡಚಿ ಒಂದು, ಎರಡು, ಮೂರು ಎಂದು ಎಣಿಸಿದ. ಮೂರನೇ ಬೆರಳಿನ ಹತ್ತಿರ ನಿಂತ. ಆಮೇಲೆ ಚಹಾ ಗ್ಲಾಸು ಕೆಳಗಿಟ್ಟು, "ಹೌದಲ್ಲ ಅಣ್ಣ" ಅಂದ.